ಮ್ಯಾಟ್ ಎತ್ತಿ ನೋಡಿದ ಮೇಲೆ

2024ರ ಏಪ್ರಿಲ್ ಕೊನೆಯಲ್ಲಿ ಅಪ್ಪಯ್ಯ ಫೋನ್ ಮಾಡಿದ್ರು. ಅವರು ಸುಮ್ಮನೆ ಫೋನ್ ಮಾಡೋರಲ್ಲ. ಅಡಿಕೆ ರೇಟು, ಮಳೆ, ಅಮ್ಮನ ಬಿಪಿ ಎಲ್ಲಾ ಮುಗಿದ ಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದ್ರು. "ಆಗಸ್ಟಿಗೆ ಓಮ್ನಿ ಆರ್‌ಸಿ ಮುಗೀತದೆ ಮಾರಾಯ. ಹದಿನೈದು ವರ್ಷ ಆಯ್ತಲ್ಲ, ಇನ್ನು ಗುಜರಿಗೇ ಹಾಕ್ಬೇಕಂತೆ, ಹೌದಾ?"

ತೀರ್ಥಹಳ್ಳಿ ಪೇಟೆಯಲ್ಲಿ ಯಾರೋ ಹಾಗಂದಿದ್ರಂತೆ. ಈ ಮಾತು ನಮ್ಮ ಕಡೆ ಎಷ್ಟು ಹಬ್ಬಿದೆ ಅಂದ್ರೆ ಚೆನ್ನಾಗಿ ಓಡ್ತಿರೋ ಗಾಡಿಗಳನ್ನ ಇದೇ ಭಯಕ್ಕೆ ಸಿಕ್ಕಿದ ರೇಟಿಗೆ ಕೊಟ್ಟುಬಿಟ್ಟವರನ್ನ ನಾನೇ ನೋಡಿದೀನಿ. 2021ರ ಆಗಸ್ಟಲ್ಲಿ ಕೇಂದ್ರದವರು ಸ್ಕ್ರ್ಯಾಪ್ ಪಾಲಿಸಿ ತಂದ್ರು, ದೆಹಲಿ ಕಡೆ 10 ವರ್ಷದ ಡೀಸೆಲ್ 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟ್ ಆರ್ಡರ್ ಇತ್ತು, ಇವೆರಡೂ ಸೇರಿ ಊರಿಗೆ ಬರೋಷ್ಟರಲ್ಲಿ "ಹದಿನೈದು ವರ್ಷ ಆದ್ರೆ ಗುಜರಿ" ಅಂತ ಆಗಿದೆ. ನಮ್ಮಲ್ಲಿ ಹಾಗಿಲ್ಲ. ಸ್ವಂತ ಗಾಡಿಗೆ ಮೊದಲ ಆರ್‌ಸಿ 15 ವರ್ಷಕ್ಕೆ, ಅದು ಮುಗಿಯೋಕೆ 60 ದಿನ ಮುಂಚೆಯಿಂದ ಅರ್ಜಿ ಹಾಕಬಹುದು, ಆರ್‌ಟಿಓದಲ್ಲಿ ಗಾಡಿ ತೋರಿಸಿ ಫಿಟ್ ಇದೆ ಅಂತಾದ್ರೆ ಇನ್ನು 5 ವರ್ಷಕ್ಕೆ ಮಾಡಿಕೊಡ್ತಾರೆ. ಆದ್ರೆ ಫೀಸ್ ಮೊದಲಿನ ಹಾಗಿಲ್ಲ, 2022ರ ಏಪ್ರಿಲ್ 1ರಿಂದ ಕಾರಿಗೆ 600 ಇದ್ದಿದ್ದು 5,000 ಆಗಿದೆ. ತಡ ಮಾಡಿದ್ರೆ ತಿಂಗಳಿಗೆ 500 ದಂಡ ಬೇರೆ. ಇದನ್ನೆಲ್ಲ ಹೇಳಿದ್ದಕ್ಕೆ ಅಪ್ಪಯ್ಯ "ಹಂಗಾದ್ರೆ ನೀನೇ ಬಂದು ನೋಡು" ಅಂದ್ರು.

ನಮ್ಮ ಓಮ್ನಿ ಬಂದಿದ್ದು 2009ರಲ್ಲಿ. ಬೆಳ್ಳಿ ಬಣ್ಣ, ಕೆಎ-14. ಅದಕ್ಕೆ ಮುಂಚೆ ಮನೇಲಿ ಒಂದು ಸ್ಕೂಟರ್ ಮಾತ್ರ ಇತ್ತು. ಮಲೆನಾಡಲ್ಲಿ ಓಮ್ನಿ ಅಂದ್ರೆ ಏನು ಅಂತ ಇಲ್ಲಿ ಬೆಳೆದವರಿಗೆ ಬೇರೆ ಹೇಳ್ಬೇಕಾಗಿಲ್ಲ. ಬೆಳಗ್ಗೆ ಗೊಬ್ಬರದ ಚೀಲ, ಮಧ್ಯಾಹ್ನ ಅಡಿಕೆ ಮೂಟೆ, ಸಂಜೆ ಹಿಂದಿನ ಸೀಟ್ ಎತ್ತಿ ನಿಲ್ಲಿಸಿ ಒರೆಸಿ ಜಮಖಾನ ಹಾಸಿದ್ರೆ ಮದುವೆಗೆ ಹೊರಟ ಎಂಟು ಜನ. ಎಂಜಿನ್ ಮುಂದಿನ ಸೀಟಿನ ಕೆಳಗಿರುತ್ತೆ, ಬರೀ 796 ಸಿಸಿ, ಮೂರೇ ಸಿಲಿಂಡರು. ಆದ್ರೆ ಎಳೆಯೋದು ಹಿಂದಿನ ಚಕ್ರ ಆಗಿರೋದ್ರಿಂದ ಲೋಡ್ ಇದ್ದಾಗ ನಮ್ಮನೆ ಮುಂದಿನ ಕೆಸರು ಏರನ್ನ ಎಷ್ಟೋ ದೊಡ್ಡ ಕಾರು ಹತ್ತದೇ ಇದ್ದಾಗ ಇದು ಹತ್ತಿದೆ. ತಂಗಿ ಬಾಣಂತನಕ್ಕೆ ಬಂದಿದ್ದು ಇದರಲ್ಲೇ, ಅಜ್ಜನ್ನ ಕೊನೇ ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೂ ಇದರಲ್ಲೇ, ಆವತ್ತು ಅಜ್ಜ ಹಿಂದೆ ಮಲಗಿದ್ರು, ನಾನು ಅವರ ಕಾಲು ಹಿಡ್ಕೊಂಡು ಕೂತಿದ್ದೆ, ಪ್ರತಿ ಗುಂಡಿಗೂ ಅಪ್ಪಯ್ಯ ತಿರುಗಿ ನೋಡ್ತಿದ್ರು.

ಮೇ ಮೊದಲ ವಾರ ರಜೆ ಹಾಕಿ ಹೋದೆ. ಮೇಲಿಂದ ನೋಡಿದ್ರೆ ಗಾಡಿ ಪರವಾಗಿಲ್ಲ ಅನ್ನಿಸ್ತು. ಸೆಲ್ಫ್ ಒಂದೇ ಸಲಕ್ಕೆ ಹಿಡೀತು. ಕ್ಲಚ್ ಮಾತ್ರ ಮೇಲಕ್ಕೆ ಬಂದಿತ್ತು, ಏರಿನಲ್ಲಿ ಎಂಜಿನ್ ಕೂಗುತ್ತೆ ಗಾಡಿ ಎಳೆಯಲ್ಲ. ಬ್ರೇಕ್ ಎರಡು ಸಲ ಒತ್ತಿದ್ರೆ ಸಿಗೋದು. ಬಾಗಿಲ ಕೆಳಗೆ ಅಲ್ಲಲ್ಲಿ ತುಕ್ಕಿನ ಗುಳ್ಳೆ. ತೀರ್ಥಹಳ್ಳಿಯ ನಮ್ಮ ಮೆಕ್ಯಾನಿಕ್ ಸಾಹೇಬ್ರ ಹತ್ರ ತಗೊಂಡು ಹೋದ್ವಿ. ಗಾಡಿ ಬಂದಾಗಿಂದ ಇದನ್ನ ಮುಟ್ಟಿದ್ದು ಅವರೊಬ್ಬರೇ. ಅವರು ಎಂಜಿನ್ ಕಡೆ ನೋಡ್ಲೇ ಇಲ್ಲ. ಸ್ಲೈಡಿಂಗ್ ಡೋರ್ ಎಳೆದ್ರು, ಹಿಂದಿನ ರಬ್ಬರ್ ಮ್ಯಾಟಿನ ತುದಿ ಹಿಡಿದು ಎತ್ತಿದ್ರು.

ಮ್ಯಾಟಿನ ಕೆಳಗೆ ತಗಡಿನ ಮೇಲೆ ಎರಡು ವೃತ್ತ. ಕಂಪಾಸಿಟ್ಟು ಬರೆದ ಹಾಗೆ. ಒಂದು ಸ್ವಲ್ಪ ಮಾಸಲು, ಅಷ್ಟೇ. ಇನ್ನೊಂದು ವೃತ್ತದ ಅಂಚು ಪೂರ್ತಿ ಕಂದು, ಒಳಗೆ ಪದರ ಪದರ ಎದ್ದ ತುಕ್ಕು, ಅಲ್ಲಲ್ಲಿ ಹಸಿರು ಹುಡಿ. ಸಾಹೇಬ್ರು ಸ್ಕ್ರೂ ಡ್ರೈವರ್ ಹಿಂಭಾಗದಿಂದ ಮೆತ್ತಗೆ ತಟ್ಟಿದ್ರು, ಮಂಡಕ್ಕಿ ಚೀಲ ತಟ್ಟಿದ ಹಾಗೆ ಸದ್ದು ಬಂತು, ಇನ್ನೊಂದು ಸಲ ತಟ್ಟಿದಾಗ ಒಂದು ಚೂರು ಕೆಳಗೆ ಬಿತ್ತು, ಆ ತೂತಲ್ಲಿ ಗ್ಯಾರೇಜಿನ ನೆಲ ಕಾಣ್ತಿತ್ತು.

"ಗೌಡ್ರೇ, ಇಲ್ಲಿ ಎಂತ ಇಡ್ತಿದ್ರಿ?" ಅಂದ್ರು.

ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಮೈಲುತುತ್ತದ ಡ್ರಮ್ಮು" ಅಂದ್ರು.

ಅಡಿಕೆ ತೋಟ ಗೊತ್ತಿಲ್ಲದವರಿಗೆ ಇದನ್ನ ಸ್ವಲ್ಪ ಹೇಳ್ಬೇಕು. ಮಳೆಗಾಲದಲ್ಲಿ ಕೊಳೆ ರೋಗ ಬರದೇ ಇರೋಕೆ ಬೋರ್ಡೋ ದ್ರಾವಣ ಹೊಡೀತೀವಿ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ. ಮಳೆ ಹಿಡಿಯೋ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಎರಡನ್ನೂ ಬೇರೆ ಬೇರೆ ಕರಗಿಸಿಟ್ಟು ಆಮೇಲೆ ಸೇರಿಸ್ಬೇಕು. ನಮ್ಮದು ಒಂದು ತೋಟ ಮನೆ ಹತ್ರ, ಇನ್ನೊಂದು ಮೂರು ಕಿಲೋಮೀಟರ್ ಆಚೆ. ಆಚೆ ತೋಟಕ್ಕೆ ಎರಡೂ ಡ್ರಮ್ಮುಗಳು ಓಮ್ನಿಯಲ್ಲೇ ಹೋಗ್ತಿದ್ವು. ಸುಣ್ಣದ್ದು ಎಡಕ್ಕೆ, ಮೈಲುತುತ್ತದ್ದು ಬಲಕ್ಕೆ. ಹದಿನೈದು ವರ್ಷ, ವರ್ಷಕ್ಕೆ ಎರಡು ಸಲ, ಪ್ರತಿ ಸಲ ನಾಲ್ಕಾರು ಟ್ರಿಪ್ಪು. ಗುಂಡಿಗೆ ಬಿದ್ದಾಗೆಲ್ಲ ಅಂಚಿಂದ ಒಂದಿಷ್ಟು ತುಳುಕೋದು. ತುಳುಕಿದ್ದು ಮ್ಯಾಟಿನ ಕೆಳಗೆ ಇಳಿದು ಅಲ್ಲೇ ನಿಲ್ಲೋದು. ಮೇಲಿಂದ ಏನೂ ಕಾಣಲ್ಲ.

ನನಗೆ ತುಂಬಾ ನೋವಾಗಿದ್ದು ಬೇರೆ ಕಾರಣಕ್ಕೆ. ಮಿಶ್ರಣ ಸರಿಯಾಗಿದೆಯಾ ಅಂತ ನೋಡೋಕೆ ಅಪ್ಪಯ್ಯ ಒಂದು ಹಳೇ ಕತ್ತಿ ಇಟ್ಟಿದ್ದಾರೆ. ಅದನ್ನ ಅದ್ದಿ ತೆಗೀತಾರೆ, ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದ್ರೆ ಸುಣ್ಣ ಸಾಲದು ಅಂತ ಲೆಕ್ಕ. ನಾನು ಸಣ್ಣವನಿದ್ದಾಗ ಕತ್ತಿ ಕೆಂಪಾಗೋದನ್ನ ನೋಡೋಕೇ ಹೋಗಿ ನಿಲ್ತಿದ್ದೆ. "ಇದು ಕಬ್ಬಿಣ ತಿಂತದೆ, ಅದಕ್ಕೇ ಪ್ಲಾಸ್ಟಿಕ್ ಡ್ರಮ್ಮಲ್ಲೇ ಕಲಸ್ಬೇಕು" ಅಂತ ನನಗೆ ಹೇಳಿಕೊಟ್ಟವರು ಅವರೇ. ಅಂಥವರಿಗೆ ಗಾಡಿ ನೆಲ ಕೂಡ ಕಬ್ಬಿಣ ಅನ್ನೋದು ಹದಿನೈದು ವರ್ಷ ಹೊಳೀಲಿಲ್ಲ. ನನಗೂ ಹೊಳೀಲಿಲ್ಲ, ನಾನೂ ಎಷ್ಟೋ ಸಲ ಆ ಡ್ರಮ್ ಎತ್ತಿ ಒಳಗಿಟ್ಟವನು. ಗ್ಯಾರೇಜಲ್ಲಿ ಅಪ್ಪಯ್ಯ ಆ ತೂತಿನ ಅಂಚನ್ನ ಬೆರಳಲ್ಲಿ ಮುಟ್ಟಿ ನೋಡ್ತಿದ್ರು, ಏನೂ ಹೇಳ್ಲಿಲ್ಲ.

ಸಾಹೇಬ್ರು ಗಾಡಿ ಎತ್ತಿಸಿ ಕೆಳಗೆ ಟಾರ್ಚ್ ಹಾಕಿ ತೋರಿಸಿದ್ರು. ಅವರ ಮಾತು ನನಗೆ ಈಗ್ಲೂ ನೆನಪಿದೆ. "ಎಂಜಿನ್ನಿಗೆ ಮದ್ದುಂಟು. ರಿಂಗ್ ಪಿಸ್ಟನ್ ಹಾಕಬಹುದು, ಹೆಡ್ ಇಳಿಸಬಹುದು, ಎಂತ ಬೇಕಾದ್ರೂ ಮಾಡಬಹುದು. ಬಾಡಿ ಹೋದ್ರೆ ಹೋಯ್ತು. ತಗಡು ತಿಂದಿದ್ರೆ ಕತ್ತರಿಸಿ ಬೇರೆ ಹಾಕ್ತೀನಿ, ಅದಕ್ಕೆ ಹೆದರ್ಬೇಡಿ. ಆದ್ರೆ ಈ ಉದ್ದಕ್ಕೆ ಹೋಗಿದೆಯಲ್ಲ ಚಾಸಿ, ಇಲ್ಲಿಗೆ ತುಕ್ಕು ಬಂದ್ರೆ ನನ್ನ ಹತ್ರ ತರಬೇಡಿ, ನಾನು ವೆಲ್ಡಿಂಗ್ ಮಾಡಲ್ಲ." ತಗಡಿನ ತೂತಿಂದ ಗಾಡಿಯ ಭಾರ ಹೊರೋ ಆ ಚಾಸಿ ಪಟ್ಟಿಗೆ ಕೈ ಇಟ್ಟು ತೋರಿಸಿದ್ರು, ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ಪಟ್ಟಿಗೆ ಸುತ್ತಿಗೆಯಿಂದ ಹೊಡೆದಾಗ ಗಟ್ಟಿ ಸದ್ದು ಬಂತು.

ಲೆಕ್ಕ ಬರೆದ್ವಿ. ನೆಲದ ತಗಡು ಮತ್ತು ರನ್ನಿಂಗ್ ಬೋರ್ಡ್ ಕತ್ತರಿಸಿ ಹೊಸದು, ಟಿಂಕರಿಂಗ್, ಪೇಂಟ್, ಕೆಳಗೆ ಕೋಟಿಂಗ್ ಸೇರಿ 26 ಸಾವಿರ. ಕ್ಲಚ್ ಸೆಟ್ 5,500. ಬ್ರೇಕ್ ಶೂ, ವೀಲ್ ಸಿಲಿಂಡರ್ 4,500. ರೇಡಿಯೇಟರ್, ನೀರಿನ ಹೋಸ್, ಪೆಟ್ರೋಲ್ ಪೈಪ್ 6,000. ಪೆಟ್ರೋಲಿಗೆ ಎಥನಾಲ್ ಜಾಸ್ತಿ ಬೆರೆಸೋಕೆ ಶುರು ಆದ ಮೇಲೆ ಹಳೇ ಗಾಡಿಗಳ ರಬ್ಬರ್ ಬೇಗ ಬಿರಿತಿದೆ, ಅದನ್ನ ಬಿಡೋದು ಬೇಡ ಅಂದ್ರು ಸಾಹೇಬ್ರು. ನಾಲ್ಕು ಟೈರ್ 11 ಸಾವಿರ. ಆರ್‌ಸಿ ಫೀಸು, ಗ್ರೀನ್ ಟ್ಯಾಕ್ಸು, ಎಮಿಷನ್, ಓಡಾಟ ಎಲ್ಲಾ ಸೇರಿಸಿದ್ರೆ 60 ಸಾವಿರಕ್ಕೆ ಬಂದು ನಿಲ್ತು. ಅವತ್ತೇ ಒಬ್ಬರು ಗಾಡಿ ನೋಡಿ 45 ಸಾವಿರಕ್ಕೆ ಕೇಳಿದ್ರು.

ಇಲ್ಲಿ ಎಲ್ಲರೂ ಹೇಳೋ ಮಾತು ಒಂದೇ, ಗಾಡಿ ಬೆಲೆಗಿಂತ ರಿಪೇರಿ ಜಾಸ್ತಿ ಆದ್ರೆ ಮಾರಿಬಿಡು. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ರಾತ್ರಿ ಜಗಲಿ ಮೇಲೆ ಕೂತು ಯೋಚನೆ ಮಾಡ್ತಾ ಮಾಡ್ತಾ ಆ ಲೆಕ್ಕವೇ ಸರಿ ಇಲ್ಲ ಅನ್ನಿಸ್ತು. 45 ಸಾವಿರ ಅನ್ನೋದು ಕೊಳ್ಳೋನಿಗೆ ಇದರ ಬೆಲೆ. ನಮಗೆ ಬೇಕಾಗಿದ್ದು ಇದು ಮಾಡೋ ಕೆಲಸವನ್ನ ಇನ್ನೊಂದು ಗಾಡಿ ಮಾಡೋಕೆ ಎಷ್ಟಾಗುತ್ತೆ ಅನ್ನೋದು. ಇದೇ ಥರದ್ದು ಬೇಕು ಅಂದ್ರೆ ಮಾರುತಿಯದ್ದೇ ಈಕೋ ವ್ಯಾನು. ಆಗ ಎಕ್ಸ್ ಶೋರೂಮ್ ಐದೂವರೆ ಲಕ್ಷ ಅಂತ ಇಟ್ಕೊಳ್ಳಿ, ಕರ್ನಾಟಕದಲ್ಲಿ 5 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸೇ 14 ಪರ್ಸೆಂಟ್ ಇತ್ತು, ಅಂದ್ರೆ 77 ಸಾವಿರ. ಬರೀ ಆ ಟ್ಯಾಕ್ಸ್ ದುಡ್ಡಲ್ಲಿ ಓಮ್ನಿ ಪೂರ್ತಿ ರಿಪೇರಿ ಆಗಿ ಒಂದು ವರ್ಷದ ಪೆಟ್ರೋಲಿಗೂ ಸ್ವಲ್ಪ ಉಳಿಯುತ್ತೆ. ಸೆಸ್ಸು ಇನ್ಶೂರೆನ್ಸು ಎಲ್ಲಾ ಸೇರಿ ಆರೂವರೆ ಲಕ್ಷದ ಮೇಲೆ. ಅಷ್ಟು ದುಡ್ಡು ಬ್ಯಾಂಕಲ್ಲಿದ್ರೆ 7 ಪರ್ಸೆಂಟಿಗೆ ವರ್ಷಕ್ಕೆ 45 ಸಾವಿರದ ಮೇಲೆ ಬಡ್ಡಿ. ಈ ಕಡೆ 60 ಸಾವಿರನ 5 ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 12 ಸಾವಿರ, ಜೊತೆಗೆ ಮಾಮೂಲಿ ಸರ್ವಿಸ್. ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಮಾತು ಬಂತು, ಅಪ್ಪಯ್ಯ ಒಂದೇ ಮಾತಲ್ಲಿ ಮುಗಿಸಿದ್ರು, "ಅವರು ಮ್ಯಾಟಿನ ಕೆಳಗೆ ಎಂತ ಇಟ್ಟಿದ್ರೋ ಯಾರಿಗೆ ಗೊತ್ತು."

ದುಡ್ಡಿನ ಲೆಕ್ಕದಲ್ಲಿ ರಿಪೇರಿನೇ ಸರಿ ಅಂತ ತೀರ್ಮಾನ ಆಗ್ತಿತ್ತು, ಆಗ ಶಿವಮೊಗ್ಗದಿಂದ ತಂಗಿ ಬಂದ್ಲು.

ಅವಳು ಲೆಕ್ಕದ ಹಾಳೆ ನೋಡ್ಲೂ ಇಲ್ಲ. "ಅಣ್ಣಾ, ಅಮ್ಮನ್ನ ಮಣಿಪಾಲಕ್ಕೆ ಕರ್ಕೊಂಡು ಹೋಗೋದು ಇದರಲ್ಲೇ ಅಲ್ವಾ" ಅಂದ್ಲು. ಹೌದು, ವರ್ಷಕ್ಕೆ ನಾಲ್ಕು ಸಲ ಅಮ್ಮನಿಗೆ ಹಾರ್ಟ್ ಚೆಕಪ್ ಇದೆ. ಆಗುಂಬೆ ಘಾಟಿ ಇಳಿದು ಹೋಗ್ಬೇಕು, 14 ತಿರುವು, ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳೋ ಜಾಗ, ಮಂಜು ಕವಿದ್ರೆ ಹತ್ತು ಮಾರು ಮುಂದೆ ಏನಿದೆ ಅಂತ ಕಾಣಲ್ಲ. ಅಪ್ಪಯ್ಯನಿಗೆ 71. "ಇದಕ್ಕೆ ಮುಂದೆ ಬಾನೆಟ್ಟೇ ಇಲ್ಲ. ಗುದ್ದಿದ್ರೆ ಮೊದಲು ಸಿಗೋದು ಅಪ್ಪಯ್ಯನ ಮೊಣಕಾಲು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ನಿನ್ನ 12 ಸಾವಿರದ ಲೆಕ್ಕದಲ್ಲಿ ಇದೆಲ್ಲಿದೆ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಅವಳು ಹೇಳಿದ್ದು ನಿಜ. ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು), ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್, ಅಕ್ಟೋಬರಿಂದ ಮೊದಲಿಂದ ಬರ್ತಿದ್ದ ಮಾಡೆಲ್‌ಗಳಿಗೂ ಕ್ರ್ಯಾಶ್ ಟೆಸ್ಟು ಕಡ್ಡಾಯ ಆಯ್ತು. 1984ರಿಂದ ಬರ್ತಿದ್ದ ಓಮ್ನಿಯ ತಯಾರಿ ನಿಂತಿದ್ದೂ ಅದೇ 2019ರಲ್ಲಿ. ನಮ್ಮ ಗಾಡಿ ಹುಟ್ಟಿದ ಕಾಲದಲ್ಲಿ ಇದನ್ನೆಲ್ಲ ಯಾರೂ ಕೇಳ್ತಿರ್ಲಿಲ್ಲ. ಸಾಹೇಬ್ರು ಎಷ್ಟು ಚೆನ್ನಾಗಿ ರಿಪೇರಿ ಮಾಡಿದ್ರೂ 2009ರಲ್ಲಿ ಎಷ್ಟಿತ್ತೋ ಅಷ್ಟೇ ಆಗುತ್ತೆ, ಅದಕ್ಕಿಂತ ಒಂದು ಗುಂಜಿ ಜಾಸ್ತಿ ಆಗಲ್ಲ. ರಿಪೇರಿ ಅಂತ ಹೊರಟಾಗ ನಾವು ಮರೆಯೋದು ಇದನ್ನೇ ಅನ್ಸುತ್ತೆ, ಕೆಟ್ಟಿದ್ದು ಸರಿ ಆಗುತ್ತೆ, ಮೊದಲೇ ಇಲ್ಲದ್ದು ಬರಲ್ಲ.

ಮಾರನೇ ದಿನ ಇಡೀ ಮನೇಲಿ ಯಾರೂ ಸರಿಯಾಗಿ ಮಾತಾಡ್ಲಿಲ್ಲ. ಅಪ್ಪಯ್ಯನಿಗೆ ತಂಗಿ ಮಾತು ತಾಗಿತ್ತು, ತಾನು ಡ್ರೈವಿಂಗ್ ಮಾಡೋದೇ ಬೇಡ ಅಂತಿದಾಳೆ ಅಂತ ಅವರಿಗೆ ಅನ್ನಿಸಿರಬೇಕು, ಅವಳಿಗೆ ಆ ಉದ್ದೇಶ ಇರ್ಲಿಲ್ಲ, ಅದನ್ನ ಹೇಳೋಕೂ ಅವಳಿಗೆ ಬರ್ಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅಮ್ಮ. ಸಂಜೆ ಕಾಫಿ ಕೊಡ್ತಾ, "ನಂಗೆ ಘಾಟಿ ಇಳಿಯೋವಾಗ ಮುಂಚಿಂದನೂ ಹೆದ್ರಿಕೆ, ನಿಮ್ಮಪ್ಪಯ್ಯನಿಗೆ ಹೇಳಿರ್ಲಿಲ್ಲ ಅಷ್ಟೇ. ಪೇಟೆಗೆ ಹೋಗೋದಕ್ಕೆ ನಂಗೆ ಈ ಗಾಡಿನೇ ಆಗ್ತದೆ, ಮೆಟ್ಟಿಲು ಎತ್ತರ ಇಲ್ಲ, ಬಾಗಿಲು ಎಳೆದು ಸೀದಾ ಕೂತ್ಕೊಬೋದು" ಅಂದ್ರು.

ನಾವೆಲ್ಲ ಇಟ್ಕೊಳ್ಳೋದಾ ಕೊಡೋದಾ ಅಂತ ಎರಡೇ ದಾರಿ ಹಿಡ್ಕೊಂಡು ಜಗ್ಗಾಡ್ತಿದ್ವಿ. ಈ ಗಾಡಿ ಯಾವ ಕೆಲಸಕ್ಕೆ ಇನ್ನೂ ಸೈ, ಯಾವುದಕ್ಕೆ ಇನ್ನು ಬೇಡ ಅಂತ ಯಾರೂ ಕೇಳಿರ್ಲಿಲ್ಲ. ಓಮ್ನಿ ವರ್ಷಕ್ಕೆ ಓಡೋದು ನಾಲ್ಕೂವರೆ ಸಾವಿರ ಕಿಲೋಮೀಟರ್. ಅದರಲ್ಲಿ ಬಹುಪಾಲು ಮನೆಯಿಂದ ತೀರ್ಥಹಳ್ಳಿಗೆ, 12 ಕಿಲೋಮೀಟರ್, ಮೂವತ್ತು ನಲವತ್ತರ ಸ್ಪೀಡಲ್ಲಿ, ಪ್ರತಿ ತಿರುವೂ ಅಪ್ಪಯ್ಯನಿಗೆ ಬಾಯಿಪಾಠ. ಘಾಟಿಗೂ ಶಿವಮೊಗ್ಗ ಹೈವೇಗೂ ಹೋಗೋದು ವರ್ಷಕ್ಕೆ ಹತ್ತು ಹನ್ನೆರಡು ಸಲ. ಆ ಹತ್ತು ಹನ್ನೆರಡು ಸಲಕ್ಕೆ ಏರ್‌ಬ್ಯಾಗ್ ಇರೋ ಒಳ್ಳೇ ಟ್ಯಾಕ್ಸಿ ಮಾಡಿದ್ರೆ, ಮಣಿಪಾಲಕ್ಕೆ ಹೋಗಿ ಬರೋಕೆ ನಮ್ಮೂರಲ್ಲಿ ಆಗ ನಾಲ್ಕೂವರೆ ಸಾವಿರ ಕೇಳ್ತಿದ್ರು, ಶಿವಮೊಗ್ಗಕ್ಕೆ ಅದಕ್ಕಿಂತ ಕಮ್ಮಿ, ಎಲ್ಲಾ ಸೇರಿ ವರ್ಷಕ್ಕೆ 40 ಸಾವಿರದ ಒಳಗೇ. ಓಮ್ನಿಯ 12 ಸಾವಿರಕ್ಕೆ ಇದನ್ನ ಕೂಡಿಸಿದ್ರೂ ಹೊಸ ಗಾಡಿಯ ಬಡ್ಡಿ, ಇನ್ಶೂರೆನ್ಸ್, ವರ್ಷ ವರ್ಷ ಬೀಳೋ ಬೆಲೆ ಇದೆಲ್ಲ ಸೇರಿದ್ದಕ್ಕೆ ಸಮ ಬರಲ್ಲ. ತಂಗಿ ಒಂದು ಷರತ್ತು ಹಾಕಿದ್ಲು, ಘಾಟಿ ಇಳಿಯಲ್ಲ ಅಂತ ಅಪ್ಪಯ್ಯ ಅವಳಿಗೆ ಮಾತು ಕೊಡ್ಬೇಕು. ಅವರು ಸ್ವಲ್ಪ ಹೊತ್ತು ಅಂಗಳ ನೋಡ್ತಾ ಕೂತು "ಆಯ್ತು ಮಗಾ" ಅಂದ್ರು. ಅಷ್ಟು ವರ್ಷ ಆ ಘಾಟೀಲಿ ಗಾಡಿ ಓಡಿಸಿದವರು ಅದನ್ನ ಬಿಡೋದು ಸಣ್ಣ ಮಾತಲ್ಲ.

ಇನ್ನೊಂದು ಷರತ್ತು ನಂದು. ಯಾವತ್ತು ನಿಲ್ಲಿಸ್ಬೇಕು ಅಂತ ಇವತ್ತೇ ಬರೆದಿಡೋಣ ಅಂದೆ. ಹಳೇ ಗಾಡಿ ವಿಷಯದಲ್ಲಿ ಮೋಸ ಆಗೋದು ಇಲ್ಲೇ, ಇವತ್ತು ನಾಲ್ಕು ಸಾವಿರ, ಮುಂದಿನ ತಿಂಗಳು ಆರು ಸಾವಿರ, ಇಷ್ಟು ಹಾಕಿದೀವಲ್ಲ ಈಗ ಹೇಗೆ ಬಿಡೋದು ಅಂತ ಮತ್ತೆ ಎಂಟು ಸಾವಿರ. ಅದಕ್ಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದ್ವಿ: ತುಕ್ಕು ಚಾಸಿ ಪಟ್ಟಿ ಮುಟ್ಟಿದ್ರೆ ಅವತ್ತೇ ಕೊನೆ, ಒಂದು ವರ್ಷದಲ್ಲಿ ರಿಪೇರಿ 25 ಸಾವಿರ ದಾಟಿದ್ರೆ ಕೊನೆ. ಗಾಡಿ ಮಾರೋದಿಲ್ಲ, ಇನ್ನೊಬ್ಬರ ಮನೆಯವರು ಅದರಲ್ಲಿ ಕೂರೋದು ಬೇಡ, ಸರ್ಕಾರದ ಒಪ್ಪಿಗೆ ಇರೋ ಸ್ಕ್ರ್ಯಾಪ್ ಸೆಂಟರಿಗೇ ಕೊಟ್ಟು ಸರ್ಟಿಫಿಕೇಟ್ ತಗೊಳ್ಳೋದು. ಅಪ್ಪಯ್ಯ ಅದರ ಕೆಳಗೆ ಸೈನ್ ಹಾಕಿದ್ರು, ನಾವು ಹೇಳದೇನೇ.

ಮಳೆ ಹಿಡಿದ ಮೇಲೆ ಟಿಂಕರಿಂಗ್ ಕೆಲಸ ಆಗಲ್ಲ, ಪೇಂಟ್ ಒಣಗಲ್ಲ, ಹಸಿ ಇರೋವಾಗ ಕೋಟಿಂಗ್ ಹೊಡೆದ್ರೆ ತುಕ್ಕು ಅದರೊಳಗೇ ಬೆಳೆಯುತ್ತೆ. ಅದಕ್ಕೆ ಮೇ ತಿಂಗಳಲ್ಲೇ ಮುಗಿಸಿದ್ವಿ. ಸಾಹೇಬ್ರು ತಿಂದ ತಗಡನ್ನ ಒಂದೂವರೆ ಅಡಿ ಅಗಲಕ್ಕೆ ಕತ್ತರಿಸಿ ತೆಗೆದ್ರು. ಪುಟ್ಟಿ ಮೆತ್ತಿ ಮುಚ್ಚಿದ್ರೆ ಅರ್ಧ ಖರ್ಚಲ್ಲಿ ಆಗ್ತಿತ್ತು, ಅವರು ಒಪ್ಪಲಿಲ್ಲ. ಜೂನಲ್ಲಿ ಅರ್ಜಿ ಹಾಕಿ ಗಾಡಿ ತೋರಿಸಿದ್ದಾಯ್ತು, 2029ರ ಆಗಸ್ಟ್‌ವರೆಗೆ ಆರ್‌ಸಿ ಬಂತು. 2025ರ ಆಗಸ್ಟಲ್ಲಿ ಮತ್ತೆ ಫೀಸ್ ಏರಿಸಿದ್ದಾರೆ, 20 ವರ್ಷ ದಾಟಿದ ಕಾರಿಗೆ 10 ಸಾವಿರ ಮಾಡಿದ್ದಾರೆ, 2029ಕ್ಕೆ ನಮ್ಮದು ಆ ಲೆಕ್ಕಕ್ಕೆ ಬರುತ್ತೆ. ಅವತ್ತಿನ ಯೋಚನೆ ಅವತ್ತಿಗೆ.

ಮೈಲುತುತ್ತದ ಡ್ರಮ್ಮು ಈಗ ಪಕ್ಕದ ಮನೆಯವರ ಪಿಕಪ್ಪಲ್ಲಿ ಹೋಗುತ್ತೆ, ಅದರ ಹಿಂಭಾಗಕ್ಕೂ ದಪ್ಪ ಟಾರ್ಪಾಲು ಹಾಸಿ ಅಂಚು ಮೇಲಕ್ಕೆ ಮಡಚಿ ಕಟ್ಟಿಯೇ ಅಪ್ಪಯ್ಯ ಡ್ರಮ್ ಇಡಿಸೋದು. ಅಮ್ಮ ಮಣಿಪಾಲಕ್ಕೆ ಟ್ಯಾಕ್ಸೀಲಿ ಹೋಗ್ತಾರೆ, ಅಪ್ಪಯ್ಯ ಮುಂದಿನ ಸೀಟಲ್ಲಿ ಕೂತು ಡ್ರೈವರಿಗೆ ಪ್ರತಿ ತಿರುವಲ್ಲೂ "ನಿಧಾನ, ನಿಧಾನ" ಅಂತಿರ್ತಾರಂತೆ.

ಈ ಸಲ ದಸರಾಕ್ಕೆ ಊರಿಗೆ ಹೋದಾಗ ಮೊದಲು ಮ್ಯಾಟ್ ಎತ್ತಿ ನೋಡಿದೆ. ಹೊಸ ತಗಡು ಹಾಗೇ ಇದೆ. ಬಲಗಡೆ ವೆಲ್ಡಿಂಗ್ ಅಂಚಲ್ಲಿ ಮಾತ್ರ ಹೆಸರುಕಾಳು ಸಾಲಾಗಿ ಇಟ್ಟ ಹಾಗೆ ಕಂದು ಗೆರೆ ಎದ್ದಿದೆ. ಆ ಗೆರೆ ಎಲ್ಲಿಗೆ ನಿಂತಿದೆಯೋ ಅಲ್ಲಿ ಕಪ್ಪು ಮಾರ್ಕರಲ್ಲಿ ಅಡ್ಡಗೀಟು ಹಾಕಿ, ಪಕ್ಕದಲ್ಲಿ ಅಪ್ಪಯ್ಯ ತಾರೀಖು ಬರೆದಿದ್ದಾರೆ. ಒಟ್ಟು ಮೂರು ಗೀಟು, ಮೂರು ತಾರೀಖು. ಎರಡನೇ ಗೀಟಿಗೂ ಮೂರನೇದಕ್ಕೂ ನಡುವೆ ನನ್ನ ಕಿರುಬೆರಳ ಉಗುರಿನಷ್ಟು ಅಂತರ. ಅಲ್ಲಿಂದ ಚಾಸಿ ಪಟ್ಟಿ ಇರೋ ಜಾಗಕ್ಕೆ ಬೆರಳಿಟ್ಟು ಅಳೆದೆ, ಇನ್ನೂ ಏಳು ಬೆರಳು ಇದೆ.